ಲೇಕ್ ಗಾರ್ಡನ್ಸ್‌ನ ಗ್ರನೋಲಾಕ್ಕೆ ಧಾರವಾಡದ ಒಗ್ಗರಣೆ

ಗ್ರನೋಲಾ ಎಂಬ ಹೆಸರು ಕೇಳದವರಿಗೆ ಮೊದಲು ಒಂದು ಮಾತು. ಓಟ್ಸ್‌ಗೆ ಎಣ್ಣೆ ಮತ್ತು ಜೇನು ಅಥವಾ ಸಕ್ಕರೆ ಪಾಕ ಸವರಿ, ಬಾದಾಮಿ, ಗೋಡಂಬಿ, ಕುಂಬಳಬೀಜ ಸೇರಿಸಿ, ಓವನ್‌ನಲ್ಲಿ ಗರಿಗರಿಯಾಗಿಸಿ, ತಣ್ಣಗಾದ ಮೇಲೆ ಒಣದ್ರಾಕ್ಷಿ ಬೆರೆಸಿದರೆ ಅದೇ ಗ್ರನೋಲಾ. ಹಾಲಿಗೋ ಮೊಸರಿಗೋ ಹಾಕಿಕೊಂಡು ತಿನ್ನುತ್ತಾರೆ. ಕೋಲ್ಕತ್ತದ ನಮ್ಮ ಲೇಕ್ ಗಾರ್ಡನ್ಸ್‌ನಲ್ಲಿ ಈಗ ಇದು ಗಲ್ಲಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಮೇಲಿನ ಹಲಗೆಯಲ್ಲಿ ಮಿರಿಮಿರಿ ಪೊಟ್ಟಣದ ಗ್ರನೋಲಾ. ಕೆಳಗೆ ನೆಲದ ಮೇಲೆ ದೊಡ್ಡ ಪ್ಲಾಸ್ಟಿಕ್ ಚೀಲದ ತುಂಬ ಮುಡಿ, ಅಂದರೆ ನಮ್ಮ ಚುರುಮುರಿ. ತೂಕದ ಲೆಕ್ಕದಲ್ಲಿ ಮೇಲಿನದರ ಬೆಲೆ ಕೆಳಗಿನದರ ಸುಮಾರು ಹತ್ತು ಪಟ್ಟು. ಒಂದು ವರ್ಷದಿಂದ ನಾನು ಮಾಡುತ್ತಿರುವುದು ಇಷ್ಟೇ: ಆ ಮೇಲಿನ ಹಲಗೆಯನ್ನು ಸ್ವಲ್ಪ ಕೆಳಕ್ಕೆ ಇಳಿಸುವುದು.

ಈ ಪೊಟ್ಟಣ ನಮ್ಮ ಮನೆಗೆ ಬಂದದ್ದು ಬೆಳಗಿನ ಗಡಿಬಿಡಿಯ ಕಾರಣಕ್ಕೆ. ನನ್ನ ಆಫೀಸು ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ನಲ್ಲಿ. ಊರಿನ ದಕ್ಷಿಣದಿಂದ ಪೂರ್ವದ ಅಂಚಿಗೆ ಹೋಗಬೇಕು. ಬೈಪಾಸ್ ಕೃಪೆ ತೋರಿದ ದಿನವೂ ಒಂದು ತಾಸು ಬೇಕು. ಮಗಳ ಶಾಲೆಯ ವ್ಯಾನು ಏಳಕ್ಕೇ ಬರುತ್ತದೆ. ಇಷ್ಟಾದರೆ ಏನೋ ಒಂದು ನಡೆಯುತ್ತಿತ್ತು. ಆದರೆ ಎರಡು ವರ್ಷದಿಂದ ಧಾರವಾಡದ ಅಪ್ಪ ನಮ್ಮೊಂದಿಗೇ ಇದ್ದಾರೆ. ವಯಸ್ಸು 71, ಸಕ್ಕರೆ ಕಾಯಿಲೆಗೆ 15. ಕಳೆದ ವರ್ಷ ಇಲ್ಲಿನ ವೈದ್ಯರು ಅವರ ಮೂರು ತಿಂಗಳ ಸರಾಸರಿಯ ವರದಿ ನೋಡಿ, ‘ಮೊದಲು ಬೆಳಗಿನ ತಿಂಡಿ ಹದಕ್ಕೆ ತನ್ನಿ, ಆಗದಿದ್ದರೆ ಇನ್ಸುಲಿನ್ ಶುರು ಮಾಡೋಣ’ ಎಂದರು. ಅಪ್ಪನಿಗೆ ಸೂಜಿಯ ಹೆದರಿಕೆ ಇಲ್ಲ. ಸೂಜಿ ಶುರುವಾದರೆ ವರ್ಷಕ್ಕೆರಡು ಸಲ ಒಬ್ಬರೇ ಧಾರವಾಡಕ್ಕೆ ಹೋಗಿಬರಲು ಮಗಳು ಬಿಡಲಿಕ್ಕಿಲ್ಲ ಎಂಬುದೇ ಅವರ ಚಿಂತೆ. ಎರಡು ರಾತ್ರಿಯ ರೈಲು, ತಂಪಿನಲ್ಲಿಡಬೇಕಾದ ಔಷಧಿ. ಅವರ ಊಹೆ ತಪ್ಪೇನಲ್ಲ.

ಓಟ್ಸ್ ಗಂಜಿ ಮುಂದಿಟ್ಟರೆ, ‘ಇದು ಗ್ವಾಡಿಗೆ ಪೋಸ್ಟರ್ ಹಚ್ಚೂ ಅಂಟಲ್ಲೇನವಾ’ ಎನ್ನುತ್ತಾರೆ. ಗ್ರನೋಲಾ ಮಾತ್ರ ಮೊದಲ ದಿನವೇ ಹಿಡಿಸಿತು: ‘ಇದು ಚಲೋ ಐತಿ ನೋಡು, ಹಲ್ಲಿಗೆ ಕೆಲಸಾ ಐತಿ.’ ಹಿಡಿಸಿದ್ದನ್ನು ಕಿತ್ತುಕೊಳ್ಳುವುದಕ್ಕಿಂತ ತಿದ್ದುವುದು ಸುಲಭ.

ತಿದ್ದಬೇಕಾದದ್ದು ಏನೆಂದು ತಿಳಿಯಲು ಪೊಟ್ಟಣದ ಮುಂಭಾಗ ಬಿಟ್ಟು ಹಿಂಭಾಗ ಓದಬೇಕು. ನಮ್ಮ ದೇಶದಲ್ಲಿ ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲೇ ಮುದ್ರಿಸಬೇಕು. ಮೊದಲು ಬರೆದದ್ದು ಹೆಚ್ಚು ಇರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ ಒಟ್ಟು ಸಕ್ಕರೆಯನ್ನೂ, ತಯಾರಕರು ಸೇರಿಸಿದ ಸಕ್ಕರೆಯನ್ನೂ ಬೇರೆಬೇರೆಯಾಗಿ ತೋರಿಸಬೇಕು. ನೋಡಬೇಕಾದದ್ದು ಎರಡನೆಯ ಅಂಕಿಯನ್ನು. ನಮ್ಮ ಮನೆಯ ಪೊಟ್ಟಣದಲ್ಲಿ ಅದು 100 ಗ್ರಾಮ್‌ಗೆ 20 ಗ್ರಾಮ್. ಒಂದು ಹೊತ್ತಿಗೆ 40 ಗ್ರಾಮ್ ಎಂದು ಬರೆದಿದ್ದಾರೆ, ಆದರೆ ಬೆಳಿಗ್ಗೆ ಯಾರು ತೂಗುತ್ತಾರೆ? ನಮ್ಮ ಮನೆಯ ಸಾರಿನ ಬಟ್ಟಲು ತುಂಬಿಸಿ ತಕ್ಕಡಿಗಿಟ್ಟರೆ 80 ಗ್ರಾಮ್ ತೋರಿಸುತ್ತದೆ. ಅಲ್ಲಿಗೆ 16 ಗ್ರಾಮ್ ಸಕ್ಕರೆ, ಅಂದರೆ ನಾಲ್ಕು ಟೀ ಚಮಚ. ದಿನದ ಒಟ್ಟು ಶಕ್ತಿಯಲ್ಲಿ ಹೆಚ್ಚುವರಿ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ. ದಿನಕ್ಕೆ 2,000 ಕ್ಯಾಲರಿ ತಿನ್ನುವವರಿಗೆ ಆ ಶೇ 5 ಎಂದರೆ 25 ಗ್ರಾಮ್. ಬೆಳಗಿನ ಎಂಟಕ್ಕೇ ಅರ್ಧಕ್ಕಿಂತ ಹೆಚ್ಚು ಮುಗಿದುಹೋಯಿತು. ಜೇನು, ಬೆಲ್ಲ, ಖರ್ಜೂರದ ಪಾಕ ಎಂದು ಬರೆದಿದ್ದರೂ ಲೆಕ್ಕ ಬದಲಾಗುವುದಿಲ್ಲ. ಹೆಸರು ಕೇಳಲು ಹಿತ, ಅಷ್ಟೇ.

ತಮಾಷೆಯೆಂದರೆ ಇದರ ಮೂಲಪುರುಷನಿಗೆ ಸಿಹಿಯೇ ಬೇಕಿರಲಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್‌ನಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ ಜೇಮ್ಸ್ ಕೇಲಬ್ ಜಾಕ್ಸನ್ 1863ರಲ್ಲಿ ತವುಡು ತೆಗೆಯದ ಗೋಧಿ ಹಿಟ್ಟನ್ನು ಕಲ್ಲಿನಂತೆ ಬೇಯಿಸಿ, ಪುಡಿ ಮಾಡಿ, ‘ಗ್ರ್ಯಾನ್ಯುಲಾ’ ಎಂದು ಕರೆದ. ರಾತ್ರಿಯಿಡೀ ನೆನೆಸದಿದ್ದರೆ ಅಗಿಯಲು ಆಗುತ್ತಿರಲಿಲ್ಲ. ಬ್ಯಾಟಲ್ ಕ್ರೀಕ್‌ನ ಜಾನ್ ಹಾರ್ವಿ ಕೆಲಾಗ್ ಅಂಥದ್ದೇ ಒಂದನ್ನು ಮಾಡಿ, ಹೆಸರಿನ ತಕರಾರು ಬಂದಾಗ ಒಂದು ಅಕ್ಷರ ತಿರುಗಿಸಿ ಗ್ರನೋಲಾ ಎಂದ. ಓಟ್ಸ್, ಜೇನು, ಒಣಹಣ್ಣುಗಳ ಈಗಿನ ರೂಪ ಜನಪ್ರಿಯವಾದದ್ದು ನೂರು ವರ್ಷದ ನಂತರ, 1960ರ ದಶಕದ ಕೊನೆಯಲ್ಲಿ ಹಿಪ್ಪಿಗಳ ಕಾಲದಲ್ಲಿ.

ನನ್ನ ಸೂತ್ರ ಒಂದೇ. ಗ್ರನೋಲಾವನ್ನು ರೊಟ್ಟಿಯೆಂದು ತಿಳಿಯಬೇಡಿ, ಚಟ್ನಿಪುಡಿಯೆಂದು ತಿಳಿಯಿರಿ. ರುಚಿ ಅದರದ್ದು, ಹೊಟ್ಟೆ ತುಂಬಿಸುವ ಕೆಲಸ ಬೇರೆಯವರದ್ದು.

ಅಪ್ಪನ ಡಬ್ಬಕ್ಕೆ ಬೀಳುವುದು ಇಷ್ಟು: ಒಂದು ಬಟ್ಟಲು ಗ್ರನೋಲಾ, ಒಂದು ಬಟ್ಟಲು ಪುಟಾಣಿ, ಅರ್ಧ ಬಟ್ಟಲು ಹುರಿದು ಸಿಪ್ಪೆ ತೆಗೆದ ಶೇಂಗಾ, ಇನ್ನರ್ಧ ಬಟ್ಟಲು ಅಗಸಿ, ಎಳ್ಳು, ಕುಂಬಳಬೀಜ ಎಲ್ಲ ಸೇರಿ. ಪೊಟ್ಟಣದಲ್ಲಿರುವ ಒಣದ್ರಾಕ್ಷಿಯನ್ನು ಆರಿಸಿ ಮಗಳ ಡಬ್ಬಕ್ಕೆ ವರ್ಗಾಯಿಸುತ್ತೇನೆ. ಅಗಸಿಯನ್ನು ಹುರಿದು ತರಿತರಿಯಾಗಿ ಪುಡಿ ಮಾಡಿಯೇ ಹಾಕಬೇಕು. ಇಡಿಯಾಗಿ ಹಾಕಿದರೆ ಹೇಗೆ ಒಳಗೆ ಹೋಗುತ್ತದೋ ಹಾಗೇ ಹೊರಗೆ ಹೋಗುತ್ತದೆ. ಚಿಟಿಕೆ ಉಪ್ಪು, ಚಿಟಿಕೆ ದಾಲ್ಚಿನ್ನಿ ಪುಡಿ. ಉಪ್ಪು ಮರೆಯಬೇಡಿ, ಇರುವ ಸಿಹಿಯನ್ನೇ ಅದು ಎತ್ತಿ ತೋರಿಸುತ್ತದೆ. ಇದರಲ್ಲಿ ಸಕ್ಕರೆ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ, ಬೇಳೆ-ಬೀಜಗಳ ಪ್ರೋಟೀನು ಏರುತ್ತದೆ. 360 ರೂಪಾಯಿಯ ಪೊಟ್ಟಣ ವಾರದ ಬದಲು ಮೂರು ವಾರ ಬರುತ್ತದೆ.

ಪುಟಾಣಿ, ಬೆಂಗಳೂರಿನವರ ಹುರಿಗಡಲೆ, ಇಲ್ಲಿನ ಬಂಗಾಳಿ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೆ ರಾಸಬಿಹಾರಿ ಅವೆನ್ಯೂದ ಲೇಕ್ ಮಾರ್ಕೆಟ್‌ಗೆ ಹೋಗಬೇಕು. ಹಲವು ದಶಕಗಳಿಂದ ಅದು ದಕ್ಷಿಣದವರ ಪೇಟೆ. ಕರಿಬೇವು, ಬಾಳೆ ಎಲೆ, ಇಡ್ಲಿ ಹಿಟ್ಟು, ಫಿಲ್ಟರ್ ಕಾಫಿ ಪುಡಿ ಎಲ್ಲ ಅಲ್ಲಿ. ತಮಿಳರ ಬಳಕೆ ಹೆಚ್ಚಾದ್ದರಿಂದ ಪುಟಾಣಿ ಎಂದರೆ ಅಂಗಡಿಯವರು ಮುಖ ನೋಡುತ್ತಾರೆ, ಪೊಟ್ಟುಕಡಲೈ ಎಂದರೆ ತಕ್ಷಣ ತೂಗುತ್ತಾರೆ. ಕೋಲ್ಕತ್ತದ ಕನ್ನಡಿಗರಿಗೆ ಬಂಗಾಳಿಯ ಜೊತೆ ಸ್ವಲ್ಪ ತಮಿಳೂ ಬರಬೇಕಾಗುತ್ತದೆ!

ಚುರುಮುರಿಯನ್ನು ಯಾಕೆ ಸೇರಿಸಲಿಲ್ಲ ಎಂದು ಕೇಳುತ್ತೀರಿ. ಮಗಳಿಗೂ ಗಂಡನಿಗೂ ಧಾರಾಳವಾಗಿ ಸೇರಿಸುತ್ತೇನೆ: ಗ್ರನೋಲಾ ಒಂದು ಪಾಲು, ಮುಡಿ ಎರಡು ಪಾಲು. ಹಗುರ, ಅಗ್ಗ, ಗರಿಗರಿ. ಆದರೆ ಅರಳಿಸಿದ ಅಕ್ಕಿಯಲ್ಲಿ ಸಕ್ಕರೆ ಇಲ್ಲದಿದ್ದರೂ ಅದರ ಪಿಷ್ಟ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುತ್ತದೆ. ಸಕ್ಕರೆ ಕಾಯಿಲೆಯವರ ತಿಂಡಿಗೆ ‘ಹಗುರ’ ಎಂಬುದು ಒಳ್ಳೆಯ ಗುಣವಲ್ಲ. ಅಪ್ಪನ ಮೀಟರಿನಲ್ಲಿ ತಿಂಡಿಯಾದ ಎರಡು ತಾಸಿಗೆ ನೋಡಿ ನಾನು ಎಕ್ಸೆಲ್‌ನಲ್ಲಿ ಬರೆದಿಟ್ಟ ಸಾಲುಗಳೂ ಅದನ್ನೇ ಹೇಳಿದವು: ಪುಟಾಣಿ-ಶೇಂಗಾದ ದಿನಗಳು ತಗ್ಗು, ಮುಡಿಯ ದಿನಗಳು ಎತ್ತರ. ಒಬ್ಬ ಮನುಷ್ಯನ ಮೂರು ವಾರದ ಲೆಕ್ಕ ಇದು, ನಿಮ್ಮ ಮನೆಯವರಿಗೆ ನಿಮ್ಮ ಮೀಟರೇ ಪ್ರಮಾಣ. ಮೂರು ತಿಂಗಳ ನಂತರದ ವರದಿ ನೋಡಿ ವೈದ್ಯರು ಇನ್ಸುಲಿನ್ ಮಾತು ಸದ್ಯಕ್ಕೆ ಬದಿಗಿಟ್ಟರು. ತಿಂಡಿಯೊಂದರಿಂದಲೇ ಆಯಿತು ಎನ್ನಲಾರೆ. ಅಪ್ಪ ರವೀಂದ್ರ ಸರೋವರದ ಸುತ್ತ ದಿನವೂ ನಡೆಯುತ್ತಾರೆ, ಮಾತ್ರೆಯ ಪ್ರಮಾಣವನ್ನೂ ಬದಲಿಸಿದ್ದರು.

ಇನ್ನು ಯಾವುದರ ಜೊತೆ ತಿನ್ನಬೇಕು? ಮೊಸರಿನ ಜೊತೆ. ಬಂಗಾಳಿಗಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅವರ ದೋಯಿ-ಚಿಡೆ ಎಂದರೆ ನಮ್ಮ ಮೊಸರವಲಕ್ಕಿಯೇ, ಬಾಳೆಹಣ್ಣು ಬೆಲ್ಲ ಸೇರಿ ಸಿಹಿಯಾದದ್ದು. ಕೋಲ್ಕತ್ತದ ಉತ್ತರಕ್ಕೆ ಹೂಗ್ಲಿ ದಂಡೆಯ ಪಾನಿಹಾಟಿಯಲ್ಲಿ ಜ್ಯೇಷ್ಠ ಮಾಸದಲ್ಲಿ ಮೊಸರವಲಕ್ಕಿಯದೇ ಉತ್ಸವ ನಡೆಯುತ್ತದೆ, ಚೈತನ್ಯರ ಸಂಗಾತಿ ನಿತ್ಯಾನಂದರ ನೆನಪಿನಲ್ಲಿ. ಗೋಕುಲಾಷ್ಟಮಿಯ ಅವಲಕ್ಕಿ ತಿಂದು ಬೆಳೆದ ನಮಗೆ ಇದು ಪರಊರು ಅನ್ನಿಸದಿರಲು ಇಂಥ ಕಾರಣಗಳೂ ಇವೆ. ಆದರೆ ಮಿಷ್ಟಿ ದೋಯಿಯ ಮೇಲೆ ಗ್ರನೋಲಾ ಉದುರಿಸುವ ಹೊಸ ಚಾಳಿ ನನಗೆ ಒಪ್ಪಿಗೆಯಿಲ್ಲ. ಅದು ಸಕ್ಕರೆಗೆ ಸಕ್ಕರೆಯ ಒಗ್ಗರಣೆ. ಟಕ್ ದೋಯಿ, ಅಂದರೆ ಹುಳಿ ಮೊಸರನ್ನು ಬಟ್ಟೆಯಲ್ಲಿ ಒಂದು ತಾಸು ಕಟ್ಟಿ ನೀರಿಳಿಸಿ. ಅದರ ಮೇಲೆ ಬಾರುಯಿಪುರದ ಸೀಬೆಹಣ್ಣಿನ ಹೋಳು, ಎಲ್ಲಕ್ಕಿಂತ ಮೇಲೆ ಮೂರು ಚಮಚ ಡಬ್ಬದ ಮಿಶ್ರಣ. ಬಾಯಿಗಿಡುವ ಮೊದಲಷ್ಟೇ ಹಾಕಬೇಕು.

ಈಗ ನಮ್ಮ ಮನೆಯ ಅಚ್ಚುಮೆಚ್ಚಿನದಕ್ಕೆ ಬರುತ್ತೇನೆ. ಸಂಜೆ ಆರಕ್ಕೆ ಅಪ್ಪನಿಗೆ ಗಿರಮಿಟ್ ನೆನಪಾಗುತ್ತದೆ. ಇಲ್ಲಿ ಝಾಲ್‌ಮುಡಿ ಇದೆ, ಸಾಸಿವೆ ಎಣ್ಣೆಯ ಘಾಟು ಅವರಿಗೆ ಒಗ್ಗುವುದಿಲ್ಲ. ಬಾಣಲೆಯಲ್ಲಿ ಎರಡು ಚಮಚ ಶೇಂಗಾ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಇಂಗು, ಸೀಳಿದ ಹಸಿಮೆಣಸು, ಒಂದು ಹಿಡಿ ಕರಿಬೇವು ಹಾಕಿ. ಕರಿಬೇವು ಕಡಕ್ ಆಗುವವರೆಗೆ ಬಿಡಿ. ಅರ್ಧ ಹುರಿದ ಎಲೆ ಮುಂದೆ ಎಲ್ಲವನ್ನೂ ಮೆತ್ತಗೆ ಮಾಡುತ್ತದೆ. ಶೇಂಗಾ, ಪುಟಾಣಿ, ಅರಿಶಿನ, ಉಪ್ಪು. ಉರಿ ಆರಿಸಿದ ಮೇಲೆ ಎರಡು ಬಟ್ಟಲು ಚುರುಮುರಿ, ಕೊನೆಗೆ ಅರ್ಧ ಬಟ್ಟಲು ಗ್ರನೋಲಾ. ಉರಿಯ ಮೇಲಿರುವಾಗ ಗ್ರನೋಲಾ ಹಾಕಿದರೆ ಜೇನು ಕರಗಿ ತಳ ಹಿಡಿಯುತ್ತದೆ. ತಿನ್ನುವಾಗ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ನಿಂಬೆಹುಳಿ. ಖಾರದ ನಡುವೆ ಅಲ್ಲೊಂದು ಇಲ್ಲೊಂದು ಸಿಹಿ ಓಟ್ಸ್ ಗಂಟು ಸಿಗುತ್ತದೆ, ಗಿರಮಿಟ್‌ಗೆ ಬೆಲ್ಲ ಹಾಕುವವರಿಗೆ ಅದರ ಸೊಗಸು ಗೊತ್ತು. ಅಪ್ಪನ ಪಾಲಿಗೆ ಚುರುಮುರಿ ಕಡಿಮೆ, ಶೇಂಗಾ-ಪುಟಾಣಿ ಜಾಸ್ತಿ. ಅದನ್ನು ಅವರು ಗಮನಿಸಿದ್ದಾರೆ, ಗೊಣಗುತ್ತಾರೆ. ಚಾಕೊಲೇಟ್ ಗ್ರನೋಲಾಕ್ಕೆ ಈ ಒಗ್ಗರಣೆ ಹೊಂದುವುದಿಲ್ಲ. ಅದನ್ನು ಮಗಳ ರಾಗಿ ಅಂಬಲಿಯ ಮೇಲೆ ಉದುರಿಸಿ ಮುಗಿಸಿ.

ಕೋಲ್ಕತ್ತದಲ್ಲಿ ಗ್ರನೋಲಾದ ನಿಜವಾದ ವೈರಿ ಗಾಳಿಯ ತೇವ. ಜುಲೈ-ಆಗಸ್ಟ್‌ನಲ್ಲಿ ಆರ್ದ್ರತೆ ಶೇ 80 ದಾಟಿಯೇ ಇರುತ್ತದೆ. ಸುರತ್ಕಲ್‌ನಲ್ಲಿ ಎಂ.ಟೆಕ್ ಮಾಡುವಾಗ ಹಾಸ್ಟೆಲ್ ಕೋಣೆಯ ಬಿಸ್ಕೆಟ್‌ಗಳ ಗತಿ ಕಂಡಿದ್ದ ನನಗೆ ಇದು ಹೊಸತಲ್ಲ. ಜೇನು, ಸಕ್ಕರೆ ಪಾಕಕ್ಕೆ ಗಾಳಿಯ ನೀರು ಹೀರುವ ಗುಣವಿದೆ. ಓಟ್ಸಿನ ಮೇಲೆ ಗಾಜಿನಂತೆ ಕುಳಿತಿದ್ದ ಪದರ ನೀರು ಕುಡಿದು ರಬ್ಬರಿನಂತಾಗುತ್ತದೆ. ಮುಚ್ಚಿದ ಡಬ್ಬದೊಳಗೂ ಒಣದ್ರಾಕ್ಷಿಯ ತೇವ ಮೆಲ್ಲಗೆ ಓಟ್ಸಿಗೆ ದಾಟುತ್ತದೆ. ಆದ್ದರಿಂದ ಹಣ್ಣು ಬೇರೆ, ಕಾಳು ಬೇರೆ ಇಡಿ. ಮೆತ್ತಗಾಗಿದ್ದರೆ ಎಸೆಯಬೇಡಿ. ದ್ರಾಕ್ಷಿ ಆರಿಸಿ ತೆಗೆದು, 140 ಡಿಗ್ರಿ ಓವನ್‌ನಲ್ಲಿ ತೆಳ್ಳಗೆ ಹರಡಿ ಎಂಟು-ಹತ್ತು ನಿಮಿಷ ಇಡಿ, ಇಲ್ಲವೇ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಹೊರತೆಗೆದಾಗ ಇನ್ನೂ ಮೆತ್ತಗೇ ಇರುತ್ತದೆ, ಗಾಬರಿ ಬೇಡ. ಆರಿದ ಮೇಲೆಯೇ ಗರಿಗರಿ. ಪೂರ್ತಿ ಆರದೆ ಮುಚ್ಚಳ ಹಾಕಿದರೆ ಅದರದೇ ಹಬೆ ಅದನ್ನು ಮತ್ತೆ ಕೆಡಿಸುತ್ತದೆ.

ಪೊಟ್ಟಣದ ತಳದ ಪುಡಿಯೇ ಕೊನೆಗೆ ಉಳಿಯುವುದು. ಅದನ್ನು ಒಂದು ಡಬ್ಬದಲ್ಲಿ ಕೂಡಿಡುತ್ತೇನೆ, ಚಳಿಗಾಲದವರೆಗೆ. ಗೋಕಾಕದ, ಅಮೀನಗಡದ ಕರದಂಟು ತಿಂದವರಿಗೆ ಹೊರದೇಶದ ಗ್ರನೋಲಾ ಬಾರ್ ನೋಡಿ ಬೆರಗಾಗುವುದೇನೂ ಇರುವುದಿಲ್ಲ. ತುಪ್ಪದಲ್ಲಿ ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ. ಅದರ ಮುಂದೆ ಬಾರ್ ಬಡವ. ನಾನು ಅಂಟನ್ನು ತುಪ್ಪದಲ್ಲಿ ಅರಳಿಸಿ ಕುಟ್ಟಿ, ಕೊಬ್ಬರಿ ತುರಿ, ಗ್ರನೋಲಾ ಪುಡಿ ಸೇರಿಸಿ, ಇಲ್ಲಿನ ನೊಲೆನ್ ಗುಡದ ಪಾಕದಲ್ಲಿ ಉಂಡೆ ಕಟ್ಟುತ್ತೇನೆ. ಈಚಲು ಮರದ ರಸದಿಂದ ಚಳಿಗಾಲದಲ್ಲಷ್ಟೇ ಬರುವ ಬೆಲ್ಲ ಅದು, ಹೊಗೆಯ ಪರಿಮಳದ್ದು. ಪಾಕದ ಒಂದು ತೊಟ್ಟು ತಣ್ಣೀರಿಗೆ ಬಿಟ್ಟರೆ ಬೆರಳಲ್ಲಿ ಮೆತ್ತನೆ ಉಂಡೆಯಾಗಬೇಕು. ಟಣ್ ಎಂದರೆ ಚಿಕ್ಕಿಯ ಹದ, ಹಲ್ಲಿಗೆ ಕೇಡು.

ಕಳೆದ ಸಂಕ್ರಾಂತಿಗೆ ಎದುರು ಮನೆಯ ಮಾಶಿಮಾಗೆ ಎಂಟು ಉಂಡೆ ಕೊಟ್ಟೆ. ಒಂದನ್ನು ಬಾಯಿಗಿಟ್ಟವರೇ, ‘ಎ ತೊ ಮೊಯಾ!’ ಎಂದರು. ಕನಕಚೂರ್ ಭತ್ತದ ಅರಳಿಗೆ ನೊಲೆನ್ ಗುಡ ಸೇರಿಸಿ ಕಟ್ಟುವ ಜಯನಗರದ ಮೊಯಾಕ್ಕೆ 2015ರಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ; ಆ ಸಾಲಿನಲ್ಲಿ ನನ್ನ ಪೊಟ್ಟಣದ ಪುಡಿಯನ್ನು ಕೂರಿಸಿದ್ದು ಅವರ ದೊಡ್ಡ ಮನಸ್ಸು. ಮರುದಿನ ಡಬ್ಬ ವಾಪಸು ಬಂತು, ಒಳಗೆ ಒಂದು ಅಚ್ಚು ಪಾಟಾಲಿ ಬೆಲ್ಲ. ಖಾಲಿ ಡಬ್ಬ ಹಿಂತಿರುಗಿಸುವ ಪದ್ಧತಿ ಇಲ್ಲಿಯೂ ಇಲ್ಲ. ಅಪ್ಪನಿಗೆ ಹಬ್ಬದ ದಿನದ ಪಾಲು ನಿಂಬೆಗಾತ್ರದ ಅರ್ಧ ಉಂಡೆ. ಅದನ್ನು ಅವರು ಸಂಜೆಯ ತನಕ ಇಟ್ಟುಕೊಂಡು ಚೂರುಚೂರೇ ತಿಂದರು, ಪಕ್ಕದಲ್ಲಿ ಮೀಟರು ಇಟ್ಟುಕೊಂಡು.