ಬೇಳೆಗೆ ಸಾರ ಬಂದುದೆಲ್ಲಿಂದ?

ಹೊರನಾಡಿನಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ವಿಜ್ಞಾನದ ಪಾಠವೆಂದರೆ ಹೆಚ್ಚಾಗಿ ಇಂಗ್ಲಿಷಿನ ಪಾಠ; ಅಲ್ಲಲ್ಲಿ ಮರಾಠಿ, ಹಿಂದಿ, ತೆಲುಗು, ತಮಿಳಿನ ಪಾಠ. ಮಕ್ಕಳು ಉರು ಹೊಡೆಯುತ್ತಾರೆ, ಅಂಕ ತರುತ್ತಾರೆ, ನಾವು ಸಂತೋಷಪಡುತ್ತೇವೆ. ಅದೇ ಮನೆಯ ಪಡಸಾಲೆಯಲ್ಲಿ ಊರಿನಿಂದ ಬಂದ ಅಜ್ಜಿಯೋ ಅಜ್ಜನೋ ಕುಳಿತಿರುತ್ತಾರೆ. ಅವರಿಗೆ ಹೊಲ ಗೊತ್ತು, ಬಿತ್ತನೆ ಗೊತ್ತು, ಯಾವ ಬೆಳೆಯ ಹಿಂದೆ ಯಾವುದನ್ನು ಹಾಕಿದರೆ ನೆಲ ಸೊರಗದು ಎಂಬುದು ಗೊತ್ತು. ಮೊಮ್ಮಗನ ಪುಸ್ತಕದಲ್ಲಿ ಬರೆದಿರುವುದೂ ಅದನ್ನೇ. ಆದರೆ ಇವನಿಗೆ ಅವರ ಮಾತು ಪೂರಾ ತಿಳಿಯದು, ಅವರಿಗೆ ಇವನ ಪುಸ್ತಕ ತಿಳಿಯದು. ಈ ನಷ್ಟ ಸಣ್ಣದೆಂದು ನಮಗೆ ತೋರುವುದಿಲ್ಲ. ಆದುದರಿಂದ ಈ ಸಲ ಒಂದೇ ಒಂದು ಪಾಠವನ್ನು ಎತ್ತಿಕೊಂಡು, ಅದನ್ನು ಅಡುಗೆಮನೆಯ ಡಬ್ಬಿಗಳಿಂದಲೇ ಹೇಳಿಕೊಡಲು ಸಾಧ್ಯವೇ ಎಂದು ನೋಡೋಣ. ಜೀವಶಾಸ್ತ್ರ, ರಸಾಯನಶಾಸ್ತ್ರ, ಬೇಸಾಯ ಮೂರೂ ಕೂಡುವ ಪಾಠವದು, ಸಾರಜನಕದ ಪಾಠ.

ಮೊದಲು ಹೆಸರಿನ ಮಾತು. ಶಾಲೆಯಲ್ಲಿ ನೈಟ್ರೊಜನ್ ಎನ್ನುವ ಅನಿಲವನ್ನು ಕನ್ನಡದ ಪಠ್ಯಪುಸ್ತಕಗಳು ಸಾರಜನಕ ಎಂದು ಕರೆದಿವೆ. ಮರಾಠಿಯಲ್ಲಿ ಅದು ನತ್ರ, ತೆಲುಗಿನಲ್ಲಿ ನತ್ರಜನಿ. ತಮಿಳುನಾಡಿನಲ್ಲಿ ಗೊಬ್ಬರದ ಲೆಕ್ಕ ಹೇಳುವಾಗ ತಳೈಚ್ಚತ್ತು, ಅಂದರೆ ಸೊಪ್ಪಿನ ಸತ್ವ ಎನ್ನುತ್ತಾರೆ. ಎಲೆ ಹಸುರಾಗಿ ಹಬ್ಬುವುದಕ್ಕೆ ಬೇಕಾದ ಸತ್ವವಾದ್ದರಿಂದ ಆ ಹೆಸರೂ ಚೆನ್ನಾಗಿಯೇ ಇದೆ. ಪಶ್ಚಿಮ ದೇಶಗಳಲ್ಲಿ ಇದಕ್ಕೆ ಮೊದಲು ಸಿಕ್ಕಿದ ಹೆಸರು ಮಾತ್ರ ಅಷ್ಟು ಒಳ್ಳೆಯದಲ್ಲ. ಸ್ಕಾಟ್ಲೆಂಡಿನ ಡೇನಿಯಲ್ ರುದರ್‌ಫರ್ಡ್ ೧೭೭೨ರಲ್ಲಿ ಮುಚ್ಚಿದ ಪಾತ್ರೆಯ ಗಾಳಿಯಲ್ಲಿ ಉಸಿರಾಟ, ಉರಿ ಎರಡಕ್ಕೂ ಬೇಕಾದ ಅಂಶವನ್ನು ತೀರಿಸಿ, ಇಂಗಾಲಾಮ್ಲವನ್ನೂ ಕಳೆದು, ಉಳಿದುದನ್ನು ಪರೀಕ್ಷಿಸಿದ. ಅದರಲ್ಲಿ ದೀಪ ಆರಿತು, ಇಲಿ ಸತ್ತಿತು. ಫ್ರಾನ್ಸಿನ ಲವಾಸಿಯೆ ಅದಕ್ಕೆ ಜೀವವಿಲ್ಲದ್ದು ಎಂಬ ಅರ್ಥದ ಗ್ರೀಕ್ ಹೆಸರಿಟ್ಟ. ೧೭೯೦ರಲ್ಲಿ ಶಾಪ್ತಾಲ್ ಎಂಬಾತ, ಪೆಟ್ಲುಪ್ಪನ್ನು ಹುಟ್ಟಿಸುವುದು ಎಂಬರ್ಥದಲ್ಲಿ, ಈಗಿನ ನೈಟ್ರೊಜನ್ ಎಂಬ ಹೆಸರನ್ನು ತಂದ. ಪ್ರಾಣ ತೆಗೆಯುವುದೆಂದು ಹೆಸರು ಪಡೆದ ಅನಿಲವನ್ನು ನಮ್ಮವರು ಸಾರವನ್ನು ಹುಟ್ಟಿಸುವುದು ಎಂದರು. ಹಿಂದಿನ ಪುಸ್ತಕಗಳಲ್ಲಿ ಪ್ರೋಟೀನನ್ನು ಸಸಾರಜನಕ, ಅಂದರೆ ಸಾರಜನಕವನ್ನೊಳಗೊಂಡದ್ದು, ಎಂದೂ ಬರೆದರು. ಈಗ ಪ್ರೋಟೀನು ಎಂಬ ಮಾತೇ ಎಲ್ಲ ಕಡೆ ನಿಂತಿದೆ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಆ ಹಳೆಯ ಶಬ್ದವನ್ನು ಮಗುವಿಗೆ ಒಮ್ಮೆ ಬಿಡಿಸಿ ಹೇಳಿದರೆ, ಬೇಳೆಯ ಪುಷ್ಟಿಗೂ ಗಾಳಿಯ ಅನಿಲಕ್ಕೂ ನಂಟುಂಟು ಎಂಬ ಅರ್ಧ ಪಾಠ ಅಲ್ಲಿಗೇ ಮುಗಿಯುತ್ತದೆ.

ಇನ್ನರ್ಧ ಸ್ವಲ್ಪ ಕಷ್ಟದ್ದು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ೭೮ ಪಾಲು ಸಾರಜನಕವೇ. ಒಳಗೆಳೆದುಕೊಳ್ಳುತ್ತೇವೆ, ಹಾಗೆಯೇ ಹೊರಗೆ ಬಿಡುತ್ತೇವೆ; ಮೈಗೆ ಒಂದಿಷ್ಟೂ ಹತ್ತುವುದಿಲ್ಲ. ಗಿಡಕ್ಕೂ ಅದೇ ಗತಿ. ಭತ್ತದ ಪೈರು ಸಾರಜನಕದಲ್ಲಿಯೇ ಮುಳುಗಿ ನಿಂತಿದ್ದರೂ ಗೊಬ್ಬರವಿಲ್ಲದೆ ಹಳದಿಯಾಗುತ್ತದೆ. ಕಾರಣವೇನೆಂದರೆ, ಗಾಳಿಯಲ್ಲಿ ಸಾರಜನಕದ ಪರಮಾಣುಗಳು ಎರಡೆರಡಾಗಿ ಕೂಡಿಕೊಂಡು ಒಂದೊಂದು ಅಣುವಾಗಿರುತ್ತವೆ, ಆ ಎರಡರ ನಡುವೆ ಒಂದಲ್ಲ, ಮೂರು ಬಂಧಗಳು. ಅವನ್ನು ಬಿಡಿಸದ ಹೊರತು ಸಾರಜನಕ ಇನ್ನಾವುದರೊಡನೆಯೂ ಸುಲಭವಾಗಿ ಬೆರೆಯದು. ಮಿಂಚಿನ ಬಿಸಿಗೆ ಅವು ಸ್ವಲ್ಪ ಬಿಡುತ್ತವೆ, ಮಳೆಯೊಡನೆ ಅಲ್ಪಸ್ವಲ್ಪ ನೆಲಕ್ಕಿಳಿಯುತ್ತದೆ. ಮನುಷ್ಯ ಈ ಕೆಲಸವನ್ನು ದೊಡ್ಡದಾಗಿ ಕಲಿತದ್ದು ಇಪ್ಪತ್ತನೆಯ ಶತಮಾನದಲ್ಲಿ. ಜರ್ಮನಿಯ ಫ್ರಿಟ್ಸ್ ಹಾಬರ್ ೧೯೦೯ರಲ್ಲಿ ಸಾರಜನಕ, ಜಲಜನಕಗಳನ್ನು ಕೂಡಿಸಿ ಅಮೋನಿಯವನ್ನು ತೊಟ್ಟುತೊಟ್ಟಾಗಿ ಇಳಿಸಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಅಳತೆಗೆ ತಂದ. ೧೯೧೩ರಲ್ಲಿ ಓಪ್ಪೌ ಎಂಬಲ್ಲಿ ಮೊದಲ ದೊಡ್ಡ ಕಾರ್ಖಾನೆ ಕೆಲಸ ಆರಂಭಿಸಿತು. ಮರುವರ್ಷ ಮಹಾಯುದ್ಧ ಬಂದು, ಅನ್ನ ಬೆಳೆಯಬೇಕಾಗಿದ್ದ ಅಮೋನಿಯ ಸಿಡಿಮದ್ದಿಗೂ ಹೋಯಿತೆಂಬುದು ಬೇರೆ ಕತೆ.

ಈ ಕೆಲಸಕ್ಕೆ ಬೇಕಾಗುವ ಬಲವನ್ನು ಮಕ್ಕಳಿಗೆ ಹೀಗೆ ಹೇಳಬಹುದು. ಮನೆಯ ಕುಕ್ಕರು ಸೀಟಿ ಹಾಕುವಾಗ ಅದರೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು ಎರಡು ಪಟ್ಟು. ಅಮೋನಿಯದ ಕಾರ್ಖಾನೆಯಲ್ಲಿ ನೂರಾರು ಪಟ್ಟು ಬೇಕು, ಸುಮಾರು ೪೦೦ರಿಂದ ೫೦೦ ಡಿಗ್ರಿ ಶಾಖ ಬೇಕು, ಜೊತೆಗೆ ಕಬ್ಬಿಣದ ಪ್ರಚೋದಕ ಬೇಕು. ಮುಂಬಯಿಯವರಿಗೆ ಚೆಂಬೂರಿನ ಬಳಿಯ ಟ್ರಾಂಬೆ ಕಾರ್ಖಾನೆ, ಚೆನ್ನೈಯವರಿಗೆ ಮಣಲಿಯ ಕಾರ್ಖಾನೆ ಕಂಡಿರುವಂಥವೇ. ಅಷ್ಟೆತ್ತರದ ಗೋಪುರಗಳು, ಕೊಳವೆಗಳು ಎಲ್ಲವೂ ಬಹುಮಟ್ಟಿಗೆ ಆ ಮೂರು ಬಂಧಗಳನ್ನು ಬಿಡಿಸುವುದಕ್ಕಾಗಿ. ಅಲ್ಲಿಂದ ಹೊರಟ ಯೂರಿಯದಲ್ಲಿ ನೂರಕ್ಕೆ ೪೬ ಪಾಲು ಸಾರಜನಕ.

ಇಷ್ಟು ಕಷ್ಟದ ಕೆಲಸವನ್ನು ತೊಗರಿಯ ಗಿಡ ಸದ್ದಿಲ್ಲದೆ, ಹೊಲದ ಮಣ್ಣಿನ ಶಾಖದಲ್ಲಿಯೇ, ತನ್ನ ಬೇರಿನಲ್ಲಿ ಮಾಡಿಸಿಕೊಳ್ಳುತ್ತದೆ. ಮಾಡಿಸಿಕೊಳ್ಳುತ್ತದೆ ಎಂದೆವು, ಏಕೆಂದರೆ ಮಾಡುವುದು ಗಿಡವಲ್ಲ. ಇದನ್ನು ಕಂಡುಹಿಡಿದ ರೀತಿ ಬಹಳ ಸೊಗಸಾಗಿದೆ. ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ ಎಂಬಿಬ್ಬರು ಸಾರಜನಕವಿಲ್ಲದ ಮರಳಿನಲ್ಲಿ ಓಟ್ಸ್ ಧಾನ್ಯವನ್ನೂ ಬಟಾಣಿಯನ್ನೂ ಬೆಳೆಸಿ ನೋಡಿದರು. ಓಟ್ಸ್ ಒಂದೇ ಸಮನೆ ಬಡವಾಯಿತು. ಬಟಾಣಿಯಲ್ಲಿ ಕೆಲವು ಗಿಡ ಸೊರಗಿದವು, ಕೆಲವು ಹುಲುಸಾಗಿ ಎದ್ದವು. ಎದ್ದವುಗಳ ಬೇರಿನಲ್ಲಿ ಗಂಟುಗಳಿದ್ದವು. ಮರಳನ್ನು ಕಾಯಿಸಿ ಸೂಕ್ಷ್ಮಜೀವಿಗಳನ್ನು ಕೊಂದಾಗ ಗಂಟೂ ಇಲ್ಲ, ಬೆಳವಣಿಗೆಯೂ ಇಲ್ಲ. ಅದಕ್ಕೇ ಹೊಲದ ಮಣ್ಣು ಕದಡಿದ ನೀರನ್ನು ಒಂದಿಷ್ಟು ಹಾಕಿದಾಗ ಗಂಟು ಬಂತು, ಗಿಡ ಚಿಗುರಿತು. ೧೮೮೬ರಲ್ಲಿ ಅವರು ಇದನ್ನು ವಿದ್ವಾಂಸರ ಮುಂದಿಟ್ಟರು. ೧೮೮೮ರಲ್ಲಿ ಹಾಲೆಂಡಿನ ಬೈಯೆರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದ. ಮಕ್ಕಳ ಪುಸ್ತಕದ ರೈಜೋಬಿಯಂ ಎಂದರೆ ಇದೇ.

ಇದೊಂದು ಕೊಡುಕೊಳ್ಳುವ ವ್ಯವಹಾರ. ಗಿಡದ ಬೇರು ಮಣ್ಣಿಗೆ ಕೆಲವು ರಸಗಳನ್ನು ಬಿಡುತ್ತದೆ. ಅದರ ಗುರುತು ಹಿಡಿದು ಬ್ಯಾಕ್ಟೀರಿಯ ಬರುತ್ತದೆ. ಕೂದಲಿನಂಥ ಎಳೆಬೇರು ಸುರುಳಿ ಸುತ್ತಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸುತ್ತಲೂ ಗಂಟು ಕಟ್ಟುತ್ತದೆ. ಎಲೆಯಲ್ಲಿ ಬಿಸಿಲಿನಿಂದ ಮಾಡಿದ ಸಕ್ಕರೆಯನ್ನು ಗಿಡ ಕೆಳಗೆ ಕಳಿಸುತ್ತದೆ, ಬ್ಯಾಕ್ಟೀರಿಯ ಗಾಳಿಯ ಸಾರಜನಕವನ್ನು ಅಮೋನಿಯವನ್ನಾಗಿ ಮಾಡಿ ಕೊಡುತ್ತದೆ. ಪುಕ್ಕಟೆ ಯಾರೂ ಏನನ್ನೂ ಕೊಡುತ್ತಿಲ್ಲ. ಇಲ್ಲೊಂದು ತೊಡಕುಂಟು. ಬಂಧ ಬಿಡಿಸುವ ಬ್ಯಾಕ್ಟೀರಿಯದ ಕಿಣ್ವ ಆಮ್ಲಜನಕ ತಗುಲಿದರೆ ಕೆಟ್ಟುಹೋಗುತ್ತದೆ. ಆದರೆ ಬ್ಯಾಕ್ಟೀರಿಯಕ್ಕೆ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಇದಕ್ಕೆ ಗಂಟಿನಲ್ಲಿ ಒಂದು ಕೆಂಪು ವಸ್ತುವಿದೆ. ಅದು ಆಮ್ಲಜನಕವನ್ನು ಹಿಡಿದಿಟ್ಟು ಬೇಕಾದಷ್ಟನ್ನೇ ಅಳೆದು ಕೊಡುತ್ತದೆ. ನಮ್ಮ ರಕ್ತದ ಹಿಮೊಗ್ಲೋಬಿನ್ನಿನ ಬಳಗದ್ದೇ ಅದು. ಒಳ್ಳೆಯ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಕಾಣುವುದು ಅದರಿಂದಲೇ. ತೊಗರಿಯ ಬೇರಿನಲ್ಲಿ ನೆತ್ತರಿನ ಬಣ್ಣವಿದೆಯೆಂದರೆ ಮಕ್ಕಳು ನಂಬುವುದಿಲ್ಲ. ನಂಬಿಸುವ ದಾರಿಯನ್ನು ಮುಂದೆ ಹೇಳುತ್ತೇವೆ.

ಈಗ ಹೊಲಕ್ಕೆ ಬರೋಣ. ಮೈಸೂರು, ತುಮಕೂರು, ಕೋಲಾರದ ಕಡೆಯವರಿಗೆ ರಾಗಿಯ ನಡುವಿನ ಅಕ್ಕಡಿ ಸಾಲು ಗೊತ್ತೇ ಇದೆ. ರಾಗಿಯ ಕೆಲವು ಸಾಲಿಗೊಂದು ಸಾಲು ಅವರೆ, ತೊಗರಿ, ಅಲಸಂದೆ ಇಡುತ್ತಾರೆ; ಹುಚ್ಚೆಳ್ಳು, ಸಾಸಿವೆಯೂ ಇರುವುದುಂಟು, ಅವಕ್ಕೆ ಗಂಟಿಲ್ಲ. ಉಡುಪಿ, ದಕ್ಷಿಣ ಕನ್ನಡದವರು ಮಳೆಗಾಲದ ಭತ್ತ ಕೊಯ್ದ ಗದ್ದೆಯಲ್ಲಿ ಉಳಿದ ತೇವಕ್ಕೇ ಉದ್ದು, ಹೆಸರು ಬಿತ್ತುತ್ತಾರೆ. ತುಳು ಮನೆಮಾತಿನವರಿಗೆ ಹೆಸರು ಪದೆಂಗಿ, ಹುರುಳಿ ಕುಡು. ಕಲಬುರಗಿಯ ಕರಿಮಣ್ಣು ತೊಗರಿಯ ಕಣಜವೆಂದು ಹೆಸರಾದುದು. ಅಲ್ಲಿಯ ತೊಗರಿಗೆ ೨೦೧೯ರಲ್ಲಿ ಭೌಗೋಳಿಕ ಗುರುತೂ ದೊರೆಯಿತು. ಬೇಳೆಕಾಳಿನ ಮಾರನೆಯ ವರ್ಷ ಜೋಳ ಚೆನ್ನಾಗಿ ಬರುತ್ತದೆಂಬುದನ್ನು ರೈತರು ಹೆಲ್‌ರೀಗಲ್ ಹುಟ್ಟುವುದಕ್ಕಿಂತ ಬಹಳ ಹಿಂದೆಯೇ ಕಂಡಿದ್ದರು. ಏಕೆ ಬರುತ್ತದೆಂಬುದನ್ನು ಹೇಳಿದ್ದು ವಿಜ್ಞಾನ. ಎರಡರಲ್ಲಿ ಯಾವುದು ಹೆಚ್ಚು ಎಂದು ಜಗಳವಾಡುವವರನ್ನು ಕಂಡರೆ ನಮಗೆ ಬೇಸರ.

ಶಾಲೆಯ ಪುಸ್ತಕ ಇಲ್ಲಿ ಒಂದು ಮಾತನ್ನು ತೀರ ಚುಟುಕಾಗಿ ಮುಗಿಸುತ್ತದೆ: ದ್ವಿದಳ ಸಸ್ಯಗಳು ಮಣ್ಣಿಗೆ ಸಾರಜನಕ ಸೇರಿಸುತ್ತವೆ, ಇಷ್ಟೇ. ಗಿಡ ಬೆಳೆಯುತ್ತಿರುವಾಗ ಅದರ ಬಹುಪಾಲನ್ನು ತಾನೇ ಬಳಸುತ್ತದೆ. ಪಕ್ಕದ ರಾಗಿಗೆ ಆಗಲೇ ಸಿಗುವುದು ಸ್ವಲ್ಪ. ಎಲೆ ಉದುರಿ, ಬೇರು ಕೊಳೆತು ಮಣ್ಣಾದ ಮೇಲೆಯೇ ನೆಲಕ್ಕೆ ಲಾಭ. ತೊಗರಿ ತಿಂಗಳುಗಟ್ಟಲೆ ನಿಂತು ಎಲೆ ಉದುರಿಸುವುದರಿಂದ ಹೊಲಕ್ಕೆ ಒಳ್ಳೆಯದು. ಶೇಂಗಾವನ್ನು ಬುಡಸಹಿತ ಕಿತ್ತು, ಕಾಯಿ ಮಾರಿ, ಬಳ್ಳಿಯನ್ನು ದನಗಳಿಗೆ ಹಾಕಿದರೆ ಹೊಲದಲ್ಲಿ ಉಳಿಯುವುದೇನು? ಆ ಸಾರ ಸಗಣಿ ಗೊಬ್ಬರವಾಗಿ ಹಿಂದಕ್ಕೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಜ್ಜನನ್ನು ಕೇಳಿದರೆ ಈ ಲೆಕ್ಕವನ್ನು ಪುಸ್ತಕಕ್ಕಿಂತ ಚೆನ್ನಾಗಿ ಹೇಳಿಯಾರು.

ಎಲ್ಲ ಕಾಳಿಗೂ ಒಂದೇ ಬ್ಯಾಕ್ಟೀರಿಯ ಒಗ್ಗುವುದಿಲ್ಲವೆಂಬುದೂ ತಿಳಿದಿರಬೇಕಾದ ಸಂಗತಿ. ಹೆಸರು, ಉದ್ದು, ಅಲಸಂದೆ, ತೊಗರಿಗಳಿಗೆ ಬೇಕಾದದ್ದು ನಮ್ಮ ಮಣ್ಣುಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕಡಲೆ ತನ್ನದೇ ಜಾತಿಯ ಬ್ಯಾಕ್ಟೀರಿಯವನ್ನು ಬೇಡುತ್ತದೆ. ಬೀದರ, ಬೆಳಗಾವಿಯ ಕಡೆ ಈಗ ಹಬ್ಬಿರುವ ಸೋಯಾಬೀನಿಗೆ ಜೀವಾಣು ಗೊಬ್ಬರದ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತುವ ಪದ್ಧತಿ ಬಂದುದು ಇದಕ್ಕಾಗಿಯೇ.

ಹೊಲದಿಂದ ಮತ್ತೆ ಡಬ್ಬಿಗೆ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು ೨೨ ಗ್ರಾಂ ಪ್ರೋಟೀನು. ಅಷ್ಟೇ ಅಕ್ಕಿಯಲ್ಲಿ, ಅಷ್ಟೇ ರಾಗಿಯಲ್ಲಿ ಸುಮಾರು ೭ ಗ್ರಾಂ. ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು ೧೬ ಪಾಲು ಸಾರಜನಕವೆಂದು ಹಿಡಿದರೆ, ಒಂದು ಕಿಲೋ ಬೇಳೆಯಲ್ಲಿ ಸುಮಾರು ೩೫ ಗ್ರಾಂ ಸಾರಜನಕವಾಯಿತು. ಅದರಲ್ಲಿ ದೊಡ್ಡ ಪಾಲು ಗಾಳಿಯಿಂದ ಇಳಿದುದು. ಏಳನೆಯ ತರಗತಿಯ ಮಗುವಿಗೆ ಇದೊಂದು ಒಳ್ಳೆಯ ಲೆಕ್ಕ. ಇನ್ನೊಂದು ವಿಷಯ: ಅಕ್ಕಿ, ಜೋಳ ಮೊದಲಾದ ಧಾನ್ಯಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಮೆಥಿಯೊನಿನ್ ಎಂಬುದು ಸಾಕಷ್ಟು, ಬೇಳೆಗಳಲ್ಲಿ ಇದಕ್ಕೆ ತದ್ವಿರುದ್ಧ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅನ್ನಕ್ಕೆ ಸಾರು, ಮುದ್ದೆಗೆ ಹುರುಳಿಯ ಬಸ್ಸಾರು, ಜೋಳದ ರೊಟ್ಟಿಗೆ ಹೆಸರುಕಾಳಿನ ಪಲ್ಯ, ಇಡ್ಲಿಯ ಅಕ್ಕಿಗೆ ಉದ್ದು. ತಟ್ಟೆಯಲ್ಲಿ ಬರಿಯ ಅನ್ನ ಮೊಸರು ಕಲಸಿಕೊಂಡು ಸಾರನ್ನು ಪಕ್ಕಕ್ಕೆ ಸರಿಸುವ ಮಕ್ಕಳಿಗೆ ಇದನ್ನು ಹೇಳಿ ನೋಡಬಹುದು. ಫಲ ಸಿಗುವುದೆಂಬ ಭರವಸೆ ಕೊಡಲಾರೆವು.

ನಸುಗೆಂಪು ಬಣ್ಣವನ್ನು ತೋರಿಸುವ ದಾರಿ ಇದು. ತಳದಲ್ಲಿ ತೂತಿರುವ ಎರಡು ಕುಂಡ ತೆಗೆದುಕೊಳ್ಳಿ. ಒಂದಕ್ಕೆ ಹೊಲದ ಅಥವಾ ತೋಟದ ಮಣ್ಣು, ಇನ್ನೊಂದಕ್ಕೆ ಚೆನ್ನಾಗಿ ತೊಳೆದ ಮರಳು. ಮಣ್ಣನ್ನು ಕುಕ್ಕರಿನಲ್ಲಿ ಬೇಯಿಸಿ ಹೋಲಿಸಿದರೆ ಪರೀಕ್ಷೆ ಇನ್ನೂ ಚೊಕ್ಕವಾದೀತು, ಆದರೆ ಅದಕ್ಕೆ ಯಾವ ಮನೆಯಲ್ಲಿಯೂ ಒಪ್ಪಿಗೆ ಸಿಗಲಾರದು. ಎರಡರಲ್ಲೂ ಅಂಗಡಿಯಿಂದ ತಂದ ಇಡೀ ಹೆಸರುಕಾಳನ್ನೇ ಐದಾರು ಊರಿ. ಮಣ್ಣಿನ ಕುಂಡದ ಮೂಲೆಯಲ್ಲಿ ನಾಲ್ಕು ಸಾಸಿವೆ ಕಾಳು ಹಾಕಿ. ಬಿಸಿಲು ಬರುವ ಬಾಲ್ಕನಿಯಲ್ಲಿಟ್ಟು ಹದವಾಗಿ ನೀರು ಕೊಡಿ. ಯೂರಿಯ ಹಾಕಬೇಡಿ, ಸಿದ್ಧ ಸಾರಜನಕ ಸಿಕ್ಕಿದರೆ ಗಿಡ ಗಂಟು ಕಟ್ಟುವ ತೊಂದರೆ ತೆಗೆದುಕೊಳ್ಳುವುದಿಲ್ಲ. ನಾಲ್ಕೈದು ವಾರಗಳಾಗಿ ಹೂವು ಬರುವ ಹೊತ್ತಿಗೆ ಕುಂಡವನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ, ಮಣ್ಣು ಕರಗಿದ ಮೇಲೆ ಗಿಡಗಳನ್ನು ಮೆಲ್ಲಗೆ ಬಿಡಿಸಿಕೊಳ್ಳಿ. ಎಳೆದು ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿಯುತ್ತವೆ. ಕಾಯಿ ಬಲಿಯುವವರೆಗೆ ಕಾದರೂ ಬಹಳಷ್ಟು ಉದುರಿಹೋಗಿರುತ್ತವೆ.

ಹೆಸರಿನ ಬೇರಿನಲ್ಲಿ ಸಾಸಿವೆಕಾಳಿನ ಗಾತ್ರದ, ಅದಕ್ಕಿಂತ ತುಸು ದೊಡ್ಡ ಗಂಟುಗಳು ಕಾಣಬೇಕು. ಸಾಸಿವೆಯ ಬೇರು ಬರಿದಾಗಿರುತ್ತದೆ. ಮರಳಿನ ಗಿಡದಲ್ಲಿ ಗಂಟು ಇಲ್ಲ, ಇದ್ದರೂ ಅಪರೂಪ. ಸೀಳಿ ನೋಡಿ: ನಸುಗೆಂಪಾದರೆ ಕೆಲಸ ನಡೆಯುತ್ತಿದೆ, ಹಸುರೋ ಕಂದೋ ಆದರೆ ಮುಗಿದಿದೆ. ಟೊಮೇಟೊ ಬೆಳೆದು ಗೊತ್ತಿರುವ ಅಜ್ಜ ಬೇರುಗಂಟು ಎಂದೊಡನೆ ಗಾಬರಿಯಾದಾರು. ಅವರು ಹೇಳುವುದು ಜಂತುಹುಳುವಿನ ರೋಗ. ಅಲ್ಲಿ ಬೇರೇ ಊದಿಕೊಂಡಿರುತ್ತದೆ, ಇಲ್ಲಿ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಬೆರಳಿನಿಂದ ಉಜ್ಜಿದರೆ ಬಿಟ್ಟುಬರುತ್ತದೆ. ಈ ವ್ಯತ್ಯಾಸವನ್ನು ಮಗುವಿಗೆ ಅಜ್ಜನೇ ತೋರಿಸಿಕೊಡಲಿ. ನೋಡಿಯಾದ ಮೇಲೆ ಗಿಡಗಳನ್ನು ಎಸೆಯದೆ ಚೂರು ಮಾಡಿ ಅದೇ ಕುಂಡದ ಮಣ್ಣಿನಲ್ಲಿ ಹೂತು, ಎರಡು ಮೂರು ವಾರ ಕೊಳೆಯಲು ಬಿಟ್ಟು, ಮೇಲೆ ದಂಟಿನ ಬೀಜ ಚೆಲ್ಲಬಹುದು.