ಚಿತ್ರವು ನಿರುಪದ್ರವಿಯೆಂಬ ನಂಬಿಕೆ

ವಿಜಯದಶಮಿಯಂದು ಬನ್ನಿಯ ಶುಭಾಶಯಗಳು ಅಣ್ಣಿಗೇರಿಯಿಂದ ಕಲಘಟಗಿಯವರೆಗೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುವಾಗ, ಗುರುತಿಲ್ಲದವರಿಂದ ಬಂದ ಚಿತ್ರಗಳ ವಿಷಯದಲ್ಲಿ ಎಚ್ಚರವಿರಲೆಂದು ಯಾರಾದರೂ ನುಡಿದರೆ, “ಓಟಿಪಿ ಹೇಳಬಾರದು, ಲಿಂಕ್ ಒತ್ತಬಾರದು, ಖರೆ, ಬರೇ ಫೋಟೋ ನೋಡಿದ್ರ ಏನಾಗತೈತ್ರೀ?” ಎಂಬ ಪ್ರತ್ಯುತ್ತರವು ಸಿದ್ಧವಾಗಿರುತ್ತದೆ. ಓದಿದವರೂ ಇದನ್ನು ನಿಶ್ಚಿಂತೆಯಿಂದ ಆಡುವುದನ್ನು ಕೇಳಿದಾಗ ನನಗೆ ಸಹನೆ ಉಳಿಯುವುದಿಲ್ಲ.

ನಾವು ನೋಡುವುದಕ್ಕೆ ಮೊದಲು ಚಿತ್ರವನ್ನು ಯಂತ್ರವು ಓದಬೇಕು. ವಾಟ್ಸ್‌ಆ್ಯಪ್ ಸ್ಟಿಕರುಗಳು ವೆಬ್‌ಪಿ ಎಂಬ ರೂಪದವು. 2010ರಲ್ಲಿ ಗೂಗಲ್ ಹೊರತಂದ ಆ ರೂಪದ ಕಡತವನ್ನು ಬಿಡಿಸಿ ವರ್ಣಬಿಂದುಗಳಾಗಿ ಹರಡುವ ಕಾರ್ಯವು ಸಿ ಭಾಷೆಯಲ್ಲಿ ರಚಿತವಾದ ಲಿಬ್‌ವೆಬ್‌ಪಿ ಎಂಬ ಮುಕ್ತ ತಂತ್ರಾಂಶದ್ದು. ಅದು ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್‌ಗಳ ಒಡಲಲ್ಲೆಲ್ಲ ಸೇರಿಕೊಂಡಿದೆ. ಸಂಕ್ಷೇಪಿಸಿದ ದತ್ತಾಂಶವನ್ನು ಬಿಡಿಸಲು, 1952ರಲ್ಲಿ ಡೇವಿಡ್ ಹಫ್‌ಮನ್ ಪ್ರಕಟಿಸಿದ ಸಂಕೇತಪದ್ಧತಿಯನ್ನನುಸರಿಸಿ, ಅದು ಮೊದಲು ಒಂದು ಕೋಷ್ಟಕವನ್ನು ಕಟ್ಟಿಕೊಳ್ಳುತ್ತದೆ.

ಆ ಕೋಷ್ಟಕಕ್ಕೆ ಎಷ್ಟು ಸ್ಥಳ ಬೇಕೆಂಬುದನ್ನು ನಿರ್ಮಾಪಕರು ಮುಂದಾಗಿಯೇ ಗಣಿಸಿಟ್ಟಿದ್ದರು; ಒಂದು ಸಂದರ್ಭಕ್ಕೆ 2954 ಮನೆಗಳು. ಕ್ರಮಬದ್ಧವಾದ ಚಿತ್ರಕ್ಕೆ ಆ ಗಣನೆ ಸರಿಯೇ. ಆದರೆ ಸಂಕೇತಗಳ ಉದ್ದವನ್ನು ಸುಳ್ಳಾಗಿ ನಮೂದಿಸಿದ ಕಡತವು ಬಂದಾಗ, ಅದು ಸಾಧುವೋ ಅಸಾಧುವೋ ಎಂದು ಪರೀಕ್ಷಿಸುವ ಮೊದಲೇ ಕೋಷ್ಟಕವನ್ನು ತುಂಬಲಾರಂಭಿಸುತ್ತಿದ್ದುದರಿಂದ, ಬರಹವು ಮೇರೆಯನ್ನು ದಾಟುತ್ತಿತ್ತು. ದಲಾಲಿ ಅಂಗಡಿಯ ಗುಮಾಸ್ತನು ಒಬ್ಬ ರೈತನಿಗೆಂದು ಬಿಟ್ಟ ಹಾಳೆ ತುಂಬಿದ ಮೇಲೂ ನಿಲ್ಲದೆ ಪಕ್ಕದವನ ಖಾತೆಯ ಮೇಲೆಯೇ ಬರೆಯುತ್ತ ಹೋದರೆ, ಆ ಎರಡನೆಯವನ ಬಾಕಿಯು ಅವನರಿವಿಲ್ಲದೆ ಬದಲಾಗುವಂತೆ, ಇಲ್ಲಿ ನೆರೆಯ ಸ್ಮೃತಿಯು ಕೆಡುತ್ತದೆ. ಏನನ್ನು ಎಲ್ಲಿ ಕೆಡಿಸಬೇಕೆಂದು ಬಲ್ಲವನು ಯಂತ್ರವನ್ನೇ ತನ್ನ ಆಜ್ಞೆಗೆ ಒಳಪಡಿಸಬಲ್ಲನು.

ಇದು ಕಲ್ಪನೆಯಲ್ಲ. 2023ರ ಸೆಪ್ಟೆಂಬರಿನಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್, ವಾಷಿಂಗ್ಟನ್ನಿನ ನಾಗರಿಕ ಸಂಸ್ಥೆಯೊಂದರ ಉದ್ಯೋಗಿಯ ಐಫೋನಿಗೆ, ಆ ವ್ಯಕ್ತಿ ಏನನ್ನೂ ಒತ್ತದಿದ್ದರೂ, ದುಷ್ಟ ಚಿತ್ರಗಳಿದ್ದ ಸಂದೇಶಗಳ ಮೂಲಕ ಪೆಗಾಸಸ್ ಬೇಹುತಂತ್ರಾಂಶವನ್ನು ನುಗ್ಗಿಸಲಾಗಿತ್ತೆಂದು ಬಹಿರಂಗಪಡಿಸಿತು. ಅದೇ ತಿಂಗಳ 6ರಂದು ಆಪಲ್ ಮತ್ತು ಸಿಟಿಜನ್ ಲ್ಯಾಬ್ ಲಿಬ್‌ವೆಬ್‌ಪಿಯ ದೋಷವನ್ನು ಗೂಗಲ್‌ಗೆ ವರದಿ ಮಾಡಿದವು. 11ರಂದು ಕ್ರೋಮ್ ದುರಸ್ತಿಗೊಂಡಿತು. ನವಲಗುಂದದ ಕಡಲೆ ಬೆಳೆಗಾರನನ್ನು ಅರಸಿಕೊಂಡು ಪೆಗಾಸಸ್ ಬಂದಿತೆಂದು ನಾನು ಹೇಳುತ್ತಿಲ್ಲ. ಆದರೆ ದೋಷವೊಂದು ಬಯಲಾದ ಬಳಿಕ ಅದು ಸಾಮಾನ್ಯ ಕಳ್ಳನಿಗೂ ಓದಸಿಗುತ್ತದೆ, ಮತ್ತು ಬೆಳೆಸಾಲದ ಸಂದೇಶವೂ ಫೋನ್‌ಪೇಯೂ ಆ ರೈತನ ಕೈಯ ಮೊಬೈಲಿನಲ್ಲೇ ಇವೆ.

ಅಪ್‌ಡೇಟ್ ಎಂಬುದು ಹೊಸ ಮೊಬೈಲ್ ಮಾರುವುದಕ್ಕಾಗಿ ಕಂಪನಿಯವರು ಹೂಡಿದ ಮೋಸವೆಂಬ ಮಾತು ಕುಂದಗೋಳದ ಬಸ್‌ಸ್ಟ್ಯಾಂಡಿನಲ್ಲೂ ಕೇಳಬರುತ್ತದೆ. ಈ ದೋಷಕ್ಕೆ ಅದೊಂದೇ ಪರಿಹಾರವಾಗಿತ್ತು. ಮುಕ್ತ ತಂತ್ರಾಂಶವನ್ನು ಸಾವಿರ ಕಣ್ಣುಗಳು ಕಾಯುತ್ತವೆಂಬುದೂ ಅರ್ಧಸತ್ಯ: ಎಲ್ಲರಿಗೂ ತೆರೆದಿದ್ದ ಈ ಸಾಲುಗಳಲ್ಲಿ ದೋಷವು ವರ್ಷಗಟ್ಟಲೆ ಅಡಗಿತ್ತು. ಗ್ರಹಣದ ದಿನ ಮೊಬೈಲಿನಿಂದ ವಿಕಿರಣ ಹೊಮ್ಮುವುದೆಂಬ ಸಂದೇಶವನ್ನು ಕ್ಷಣಾರ್ಧದಲ್ಲಿ ನಂಬಿ ಹತ್ತು ಜನರಿಗೆ ಕಳಿಸುವವರೇ, ತಯಾರಕನೇ ಒಪ್ಪಿ ಪ್ರಕಟಿಸಿದ ದೋಷದ ಸುದ್ದಿಯನ್ನು ಸಂಶಯಿಸುತ್ತಾರೆಂಬುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಪ್ಯಾಚ್ ಎಂಬ ಸಾಲಿನೆದುರು ಒಂದು ದಿನಾಂಕವಿದೆ. ಆಂಡ್ರಾಯ್ಡ್ ಈ ದೋಷವನ್ನು ತನ್ನ 2023ರ ಅಕ್ಟೋಬರಿನ ಭದ್ರತಾ ಪ್ರಕಟಣೆಯಲ್ಲಿ ಸೇರಿಸಿತು. ಅದಕ್ಕಿಂತ ಹಿಂದಿನ ದಿನಾಂಕವಿದ್ದು, ಅಪ್‌ಡೇಟ್ ಎಷ್ಟು ಹುಡುಕಿದರೂ ಸಿಗದಿದ್ದರೆ, ಬೆಂಗಳೂರಿನಲ್ಲಿರುವ ಮಗನು ಬಳಸಿ ಬಿಟ್ಟು ಊರಿನ ತಂದೆಗೆ ಕೊಟ್ಟಂಥ ಹಳೆಯ ಮೊಬೈಲಿನಿಂದ ಬ್ಯಾಂಕ್ ವ್ಯವಹಾರವನ್ನಾದರೂ ತೆಗೆದುಬಿಡಬೇಕು.