ನಿಮಗಿದು ಗೊತ್ತೆ? ತುಪ್ಪ ಬೆಣ್ಣೆಯಾಗುವ ಬೆಟ್ಟ!

ಬೆಣ್ಣೆ ಕಾಯಿಸಿದರೆ ತುಪ್ಪ. ತುಪ್ಪ ಮತ್ತೆ ಬೆಣ್ಣೆಯಾಗುವುದುಂಟೆ? ನೆಲಮಂಗಲ ತಾಲ್ಲೂಕು ಸೋಂಪುರ ಹೋಬಳಿಯ ಶಿವಗಂಗೆ ಬೆಟ್ಟದಲ್ಲಿ ಅದು ದಿನನಿತ್ಯದ ಮಾತು. ಇಲ್ಲಿನ ಗವಿಯೊಳಗಿನ ಗಂಗಾಧರೇಶ್ವರ ಲಿಂಗಕ್ಕೆ ಭಕ್ತರು ತಂದ ತುಪ್ಪವನ್ನು ಅರ್ಚಕರು ತಿಕ್ಕುತ್ತಾರೆ. ನೋಡನೋಡುತ್ತಲೇ ಅದು ಬೆಳ್ಳಗೆ, ಗಟ್ಟಿಯಾಗಿ, ಬೆಣ್ಣೆಯಂತೆ ಕೈಗೆ ಬರುತ್ತದೆ. ಅದೇ ಪ್ರಸಾದ. ಔಷಧಿ ಗುಣವಿದೆಯೆಂದು ಮನೆಗೆ ಒಯ್ಯುವವರೂ ಇದ್ದಾರೆ.

ಭಕ್ತರಿಗೆ ಇದು ಪವಾಡ. ಆಯುರ್ವೇದ ಬಲ್ಲವರಿಗೆ ಮಾತ್ರ ಇಲ್ಲೊಂದು ಪರಿಚಿತ ನೆನಪು: ‘ಶತಧೌತ ಘೃತ’. ತುಪ್ಪಕ್ಕೆ ನೀರು ಬೆರೆಸಿ ನೂರು ಸಲ ತಿಕ್ಕಿ ತೊಳೆದರೆ ಹಳದಿ ಬಣ್ಣ ಹೋಗಿ, ಬೆಣ್ಣೆಯಂಥ ಬಿಳಿ ಮುಲಾಮಾಗುತ್ತದೆ. ಸುಟ್ಟ ಗಾಯಕ್ಕೆ ಹಚ್ಚುವ ಹಳೆಯ ಮದ್ದು ಅದು. ಅಲ್ಲಿ ನೂರು ಸಲ, ಇಲ್ಲಿ ಕೆಲವೇ ನಿಮಿಷ. ವ್ಯತ್ಯಾಸ ಅಷ್ಟೆ ಎನ್ನೋಣವೆ? ಅರ್ಚಕರ ಎದುರು ಹೇಳದಿದ್ದರೆ ಕ್ಷೇಮ.

ಇಷ್ಟು ನೋಡಿ ವಾಪಸಾಗಬೇಡಿ. ಮೇಲೆ ಹತ್ತಿದರೆ ಒಳಕಲ್ಲು ತೀರ್ಥ. ಬಂಡೆಯಲ್ಲಿ ಒರಳಿನಂಥ ಕಿರಿದಾದ ಕುಳಿ. ತೋಳು ಇಳಿಬಿಟ್ಟು ನೀರು ಮುಟ್ಟಬೇಕು. ಪುಣ್ಯವಂತರಿಗೇ ನೀರು ಸಿಗುವುದಂತೆ. ಹಾಗಾಗಿ ಕೈಗೆ ನೀರು ತಾಗದವರು ಸುತ್ತಮುತ್ತ ಯಾರೂ ನೋಡಲಿಲ್ಲವಷ್ಟೆ ಎಂದು ಕಣ್ಣಾಡಿಸುತ್ತಾರೆ!

ಹೊಯ್ಸಳ ವಿಷ್ಣುವರ್ಧನನ ರಾಣಿ, ನಾಟ್ಯರಾಣಿ ಶಾಂತಲೆ 1131ರಲ್ಲಿ ಕೊನೆಯುಸಿರೆಳೆದದ್ದೂ ಇದೇ ಶಿವಗಂಗೆಯಲ್ಲಿ. ದಾರಿ ಸುಲಭ: ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ದಾಬಸ್‌ಪೇಟೆಗೆ ಬಂದು ತಿರುಗಿದರಾಯಿತು. ಬುತ್ತಿಯನ್ನು ಕೈಯಲ್ಲಿ ಹಿಡಿದು ಹತ್ತಬೇಡಿ. ಕೋತಿಗಳಿವೆ.